ಶುದ್ಧ ಕೋಣೆಯ ಸೋಂಕು ನಿವಾರಣೆ: ಫಾರ್ಮಾಲಿನ್ ಹೊಗೆಗೆ ಬದಲಾಗಿ ಏನು?

ತೊಗರಿ ಬಿತ್ತನೆಯ ಕಾಲ ಹತ್ತಿರ ಬಂದಂತೆಲ್ಲ ಗುರುಮಠಕಲ್ ಭಾಗದ ರೈತ ಬಾಂಧವರು ಕೇಳುವ ಮೊದಲ ಪ್ರಶ್ನೆ ನೆಟೆ ರೋಗದ್ದು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಈ ರೋಗದ ಹತೋಟಿಗೆ, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ಬಿತ್ತಬೇಕೆಂದು ನಾವು ಹೇಳುತ್ತ ಬಂದಿದ್ದೇವೆ. ಈಚೆಗೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. “ಸಾಹೇಬ್ರ, ಆ ಪುಡಿ ನಮ್ಮೂರಾಗ ನಾವೇ ಮಾಡ್ಕೊಂಡ್ರ ಆಗಲ್ಲೇನ್ರಿ?”

ಆಗುತ್ತದೆ. ಜೋಳವನ್ನು ಅರೆಬೇಯಿಸಿ, ಚೀಲಗಳಲ್ಲಿ ತುಂಬಿ, ಒತ್ತಡದ ಪಾತ್ರೆಯಲ್ಲಿ ಬೇಯಿಸಿ ಜೀವಾಣುರಹಿತ ಮಾಡಿ, ಆರಿದ ಮೇಲೆ ಮೂಲ ಶಿಲೀಂಧ್ರವನ್ನು ಸೇರಿಸಿದರೆ ಕೆಲವೇ ದಿನಗಳಲ್ಲಿ ಕಾಳಿನ ಮೇಲೆಲ್ಲ ಹಸಿರು ಹಬ್ಬುತ್ತದೆ. ಸ್ವಂತ ಹೊಲಕ್ಕೆ ಇದು ಸಾಕು. ಮಾರಾಟ ಮಾಡುವುದಾದರೆ 1968ರ ಕೀಟನಾಶಕ ಕಾಯ್ದೆಯಂತೆ ನೋಂದಣಿ ಬೇಕು. ಪ್ರತಿ ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು. ತೊಂದರೆ ಇರುವುದು ನಡುವಿನ ಒಂದು ಹಂತದಲ್ಲಿ. ಬೇಯಿಸಿದ ಕಾಳಿನ ಚೀಲವನ್ನು ಬಿಚ್ಚಿ ಮೂಲ ಶಿಲೀಂಧ್ರವನ್ನು ಹಾಕುವ ಆ ಅರೆನಿಮಿಷದಲ್ಲಿ ಕೋಣೆಯ ಗಾಳಿಯಲ್ಲಿರುವ ಬೂಷ್ಟು ಒಳಗೆ ಬಿದ್ದರೆ, ಬೆಳೆಯುವುದು ಟ್ರೈಕೋಡರ್ಮಾ ಅಲ್ಲ. ಅಂಥ ಪುಡಿಯನ್ನು ನಂಬಿ ಬಿತ್ತಿದವನಿಗೆ ಮೋಸ ಗೊತ್ತಾಗುವುದು ತೊಗರಿ ಹೂ ಬಿಡುವ ಹೊತ್ತಿಗೆ ಗಿಡಗಳು ಸಾಲುಸಾಲಾಗಿ ಒಣಗಿದಾಗ.

ಆದ್ದರಿಂದ ಒಂದು ಶುದ್ಧ ಕೋಣೆ ಬೇಕು. ಆ ಕೋಣೆಯನ್ನು ಯಾವ ರಾಸಾಯನಿಕದಿಂದ ಶುದ್ಧಿ ಮಾಡಬೇಕು, ಮಾಡುವವನ ಜೀವಕ್ಕೆ ಅಪಾಯವಾಗದಂತೆ ಹೇಗೆ ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಔಷಧ ಕಾರ್ಖಾನೆಯ ಕೋಣೆ

ಸೈದಾಪುರದ ಹತ್ತಿರ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಔಷಧ ಹಾಗೂ ರಾಸಾಯನಿಕ ಕಾರ್ಖಾನೆಗಳು ಬಂದ ಮೇಲೆ ನಮ್ಮ ತರುಣರ ಬಾಯಲ್ಲಿ ‘ಕ್ಲೀನ್ ರೂಮ್’ ಎಂಬ ಮಾತು ಕೇಳಿಬರುತ್ತಿದೆ. ಔಷಧ ತಯಾರಿಸುವವರ ಶುದ್ಧ ಕೋಣೆಯೂ ನಮ್ಮ ಕೋಣೆಯೂ ಒಂದೇ ತತ್ವದ ಮೇಲೆ ನಿಂತಿವೆ. ವೆಚ್ಚದಲ್ಲಿ ಮಾತ್ರ ಆಕಾಶ-ಭೂಮಿಯ ಅಂತರ. ಇಂಜೆಕ್ಷನ್ ಔಷಧವನ್ನು ಸೀಸೆಗೆ ತುಂಬುವ ಜಾಗದಲ್ಲಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520ನ್ನು ಮೀರಬಾರದು. ಅಂತರರಾಷ್ಟ್ರೀಯ ಮಾನಕದ ಪಟ್ಟಿಯಲ್ಲಿ ಇದು 5ನೆಯ ದರ್ಜೆ. ಅದೇ ಪಟ್ಟಿಯ ಕೊನೆಯದಾದ 9ನೆಯ ದರ್ಜೆಯಲ್ಲಿ ಈ ಮಿತಿ 3 ಕೋಟಿ 52 ಲಕ್ಷ. ರಾಶಿ ಮಾಡುವ ಕಾಲದಲ್ಲಿ ನಮ್ಮ ಕಣದ ಗಾಳಿ ಯಾವ ದರ್ಜೆಯದೆಂದು ಕೇಳುವುದೇ ಬೇಡ.

ಈ ಕಾರ್ಖಾನೆಗಳಿಂದ ನಾವು ಕಲಿಯಬೇಕಾದದ್ದು ಅವರ ಯಂತ್ರಗಳನ್ನಲ್ಲ, ರಾಸಾಯನಿಕವನ್ನು ಆರಿಸುವ ಕ್ರಮವನ್ನು. ಅವರು ಮೊದಲು ತೊಳೆಯುತ್ತಾರೆ, ಆಮೇಲೆ ಕೊಲ್ಲುತ್ತಾರೆ. ಒಂದೇ ಸೋಂಕು ನಿವಾರಕವನ್ನು ನೆಚ್ಚಿಕೊಳ್ಳುವುದಿಲ್ಲ. ದಿನಬಳಕೆಗೆ ಒಂದನ್ನು ಇಟ್ಟುಕೊಂಡು, ನಿಯಮಿತ ಕಾಲಕ್ಕೊಮ್ಮೆ ಬೀಜಾಣುಗಳನ್ನೂ ಕೊಲ್ಲಬಲ್ಲ ಇನ್ನೊಂದನ್ನು ಬಳಸುತ್ತಾರೆ. 2022ರಲ್ಲಿ ಪರಿಷ್ಕರಿಸಿ 2023ರ ಆಗಸ್ಟ್‌ನಿಂದ ಜಾರಿಗೆ ತಂದ ಯುರೋಪಿನ ಔಷಧ ತಯಾರಿಕಾ ನಿಯಮಗಳು ಇದನ್ನು ಸ್ಪಷ್ಟವಾಗಿ ವಿಧಿಸುತ್ತವೆ. ನಮ್ಮ ದೇಶದಲ್ಲೂ ಔಷಧ ನಿಯಮಗಳ ‘ಎಂ’ ಅನುಸೂಚಿಯನ್ನು 2023ರ ಡಿಸೆಂಬರಿನಲ್ಲಿ ಪರಿಷ್ಕರಿಸಲಾಗಿದೆ.

ಬೀಜಾಣು ಎಂದೆ. ಈ ಮಾತನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚದೊಳಗೆ ಮುದುಡಿ ಮಲಗುತ್ತವೆ. ಹೊಲದ ಧೂಳಿನಲ್ಲಿ ಇಂಥವು ಧಾರಾಳ. ಸ್ಪಿರಿಟ್ ಹಚ್ಚಿದರೆ, ಸಾಬೂನಿನಲ್ಲಿ ತೊಳೆದರೆ ಇವು ಸಾಯುವುದಿಲ್ಲ. ಬೆಂದ ಜೋಳದ ಮೇಲೆ ಬಿದ್ದೊಡನೆ ಎದ್ದು ಕೂಡುತ್ತವೆ. ಚೀಲದಲ್ಲಿ ಹುಳಿ ವಾಸನೆ, ಲೋಳೆ ಕಂಡರೆ ಸಾಮಾನ್ಯವಾಗಿ ಇಂಥ ಬ್ಯಾಕ್ಟೀರಿಯಾಗಳ ಕೆಲಸವೆಂದು ತಿಳಿಯಿರಿ.

ಫಾರ್ಮಾಲಿನ್: ನಾವೇ ಕಲಿಸಿದ ಪಾಠ

ಬೀಜಾಣುಗಳನ್ನು ಕೊಲ್ಲಲು ನಮ್ಮ ಪ್ರಯೋಗಾಲಯಗಳಲ್ಲಿ, ಅಣಬೆ ಬೀಜ ತಯಾರಿಸುವ ಕೋಣೆಗಳಲ್ಲಿ, ಕೋಳಿಮರಿ ಕೇಂದ್ರಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಒಂದೇ. ಬಾಗಿಲು-ಕಿಟಕಿ ಮುಚ್ಚಿ, ಬಟ್ಟಲಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ, ಅದರ ಮೇಲೆ ಫಾರ್ಮಾಲಿನ್ ಸುರಿದು ಓಡಿಬರುವುದು. ಪ್ರತಿ 100 ಘನ ಅಡಿಗೆ 40 ಮಿ.ಲೀ. ಫಾರ್ಮಾಲಿನ್, 20 ಗ್ರಾಂ ಪರ್ಮಾಂಗನೇಟ್ ಎಂಬುದು ಬಾಯಿಪಾಠದ ಲೆಕ್ಕ. ಅಗ್ಗ, ಸುಲಭ. ಕೋಣೆಯಲ್ಲಿ ತಕ್ಕಷ್ಟು ತೇವವಿದ್ದರೆ ಪರಿಣಾಮವೂ ಹೌದು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ನಾನೂ ಹೀಗೆಯೇ ಮಾಡಿದವನು. ಒಮ್ಮೆ ಫ್ಲಾಸ್ಕುಗಳು ಕೆಟ್ಟಾವೆಂಬ ಅವಸರದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬಾಗಿಲು ತೆರೆದು ಒಳಗೆ ಹೋದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಣ್ಣು ಮುಚ್ಚಿಹೋದವು. ಗೋಡೆ ಹಿಡಿದು ಹೊರಗೆ ಬಂದೆ. ಎರಡು ದಿನ ಕೆಮ್ಮು ಬಿಡಲಿಲ್ಲ. ಹಿರಿಯರು ನಕ್ಕು, “ವಾಸನೆ ಹೋದ ಮೇಲೆ ಹೋಗಬೇಕಪ್ಪ” ಎಂದರು. ಆಮೇಲೆ ನಾನು ತರಬೇತಿಗಳಲ್ಲಿ ರೈತರಿಗೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಇದೇ ಬಟ್ಟಲಿನ ಪದ್ಧತಿಯನ್ನು, ಇದೇ ‘ವಾಸನೆ ಹೋದ ಮೇಲೆ’ ಎಂಬ ಸೂಚನೆಯನ್ನು ಹೇಳಿಕೊಟ್ಟಿದ್ದೇನೆ. ಅದು ತಪ್ಪು ಸಲಹೆ. ತಪ್ಪೆಂದು ಏಕೆ ಹೇಳುತ್ತೇನೆ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಮಾಡೋಣ.

10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ 1,000 ಘನ ಅಡಿ, ಅಂದರೆ ಸುಮಾರು 28 ಘನ ಮೀಟರ್. ಇದಕ್ಕೆ 400 ಮಿ.ಲೀ. ಫಾರ್ಮಾಲಿನ್ ಬೇಕಾಗುತ್ತದೆ. ಅದರಲ್ಲಿ ಶೇಕಡಾ 37ರಷ್ಟು ಫಾರ್ಮಾಲ್ಡಿಹೈಡ್ ಇದ್ದರೆ ಸುಮಾರು 160 ಗ್ರಾಂ. ಬಟ್ಟಲಿನ ಕ್ರಿಯೆಯಲ್ಲಿಯೇ ಅರ್ಧ ಕಳೆದುಹೋಯಿತೆಂದು ಹಿಡಿದರೂ 80 ಗ್ರಾಂ ಅನಿಲ ಕೋಣೆಯನ್ನು ತುಂಬುತ್ತದೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ ಇದು ಸುಮಾರು 2,300 ಭಾಗ. ಕೆಲಸಗಾರನು ದಿನದ ಎಂಟು ತಾಸು ಉಸಿರಾಡಬಹುದಾದ ಗಾಳಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ವಿಧಿಸಿರುವ ಮಿತಿ ಹತ್ತು ಲಕ್ಷಕ್ಕೆ 0.75 ಭಾಗ. ಜೀವಕ್ಕೆ ತಕ್ಷಣವೇ ಅಪಾಯವೆಂದು ಗುರುತಿಸಿರುವ ಮಟ್ಟ 20. ಹೊಗೆಯನ್ನು ಮಿತಿಗೆ ತರಲು ಮೂರು ಸಾವಿರ ಪಟ್ಟು ತೆಳುವಾಗಿಸಬೇಕಾಯಿತು. ಕೋಣೆಯ ಅಳತೆಯಷ್ಟು ಹೊಸ ಗಾಳಿ ಒಮ್ಮೆ ಒಳಬಂದು ಹಳೆಯದರೊಡನೆ ಬೆರೆತು ಹೊರಹೋದರೆ ಹೊಗೆಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಒಳಗೆ ಉಳಿಯುತ್ತದೆ. ಹೀಗೆ ಎಂಟು ಸಲ ಗಾಳಿ ಬದಲಾಗಬೇಕು. ಗಾಳಿ ಹೊರಹಾಕುವ ಫ್ಯಾನ್ ಇಲ್ಲದ, ಒಂದೇ ಬಾಗಿಲಿನ ಕೋಣೆಗೆ ಇದು ಒಂದು ರಾತ್ರಿಯ ಮಾತಲ್ಲ. ಇಷ್ಟಕ್ಕೇ ಮುಗಿಯಲಿಲ್ಲ: ಅನಿಲದ ಒಂದು ಪಾಲು ಗೋಡೆ, ಮೇಜುಗಳ ಮೇಲೆ ಬಿಳಿ ಪುಡಿಯಾಗಿ ಕುಳಿತು ಮುಂದಿನ ದಿನಗಳಲ್ಲಿ ನಿಧಾನವಾಗಿ ಮತ್ತೆ ಅನಿಲವಾಗುತ್ತದೆ.

ಇನ್ನು ವಾಸನೆ. ಮೂಗಿಗೆ ಫಾರ್ಮಾಲಿನ್ ತಿಳಿಯತೊಡಗುವ ಮಟ್ಟವೂ ಮಿತಿಯ ಮಟ್ಟವೂ ಹೆಚ್ಚು ದೂರವಿಲ್ಲ. ದಿನವೂ ಅದರಲ್ಲೇ ಕೆಲಸ ಮಾಡುವವನ ಮೂಗು ಮೊದಲು ಮರಗಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯ ತಜ್ಞರು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದ್ದಾರೆ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಈ ಅನಿಲ ತಡೆಯುವುದಿಲ್ಲ.

ನಮ್ಮ ಭಾಗಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಫಾರ್ಮಾಲಿನ್ ಹೊಗೆ ಕೆಲಸ ಮಾಡಲು ಕೋಣೆಯಲ್ಲಿ ಶೇಕಡಾ 70ರ ಆಸುಪಾಸಿನ ತೇವಾಂಶ ಬೇಕು. ಬಿತ್ತನೆಗೆ ಮುನ್ನ ನಾವು ಪುಡಿ ತಯಾರಿಸುವುದು ಏಪ್ರಿಲ್-ಮೇ ತಿಂಗಳಲ್ಲಿ. ಆಗ ಗುರುಮಠಕಲ್ಲಿನ ಗಾಳಿ ಒಣ ಹಪ್ಪಳದಂತೆ ಇರುತ್ತದೆ. ನೀರು ಚಿಮುಕಿಸದೆ ಹೊಗೆ ಹಾಕಿದವರು ಅಪಾಯವನ್ನೂ ಹೊತ್ತು ಬೀಜಾಣುಗಳನ್ನೂ ಉಳಿಸಿಕೊಂಡಂತಾಯಿತು.

ದೊಡ್ಡವರ ಅನಿಲಗಳು

ಔಷಧ ಕಾರ್ಖಾನೆಗಳಲ್ಲಿ ಫಾರ್ಮಾಲಿನ್ ಹೊಗೆಯ ಸ್ಥಾನವನ್ನು ಹೆಚ್ಚಾಗಿ ಆಕ್ರಮಿಸುತ್ತಿರುವುದು ಹೈಡ್ರೋಜನ್ ಪೆರಾಕ್ಸೈಡ್ ಆವಿ. ಕೆಲಸ ಮುಗಿದ ಮೇಲೆ ಇದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಪುಡಿ ಉಳಿಯುವುದಿಲ್ಲ. ಕ್ಲೋರಿನ್ ಡೈಆಕ್ಸೈಡ್ ಇನ್ನೊಂದು. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ಆಂಥ್ರಾಕ್ಸ್ ಬೀಜಾಣುಗಳನ್ನು ಕಳಿಸಿದಾಗ, ವಾಷಿಂಗ್ಟನ್ನಿನ ಹಾರ್ಟ್ ಸೆನೆಟ್ ಕಟ್ಟಡದ ಶುದ್ಧಿಗೆ ಬಳಸಿದ್ದು ಈ ಅನಿಲವನ್ನೇ.

ಇವು ‘ಸುರಕ್ಷಿತ’ ಎಂದು ಮಾರಾಟಗಾರರು ಹೇಳಿದರೆ ಅರ್ಧ ಮಾತ್ರ ನಂಬಿರಿ. ಪೆರಾಕ್ಸೈಡ್ ಆವಿಗೆ ಕೆಲಸಗಾರನ ಮಿತಿ ಹತ್ತು ಲಕ್ಷಕ್ಕೆ 1 ಭಾಗ, ಕ್ಲೋರಿನ್ ಡೈಆಕ್ಸೈಡಿಗೆ 0.1 ಭಾಗ. ಪೆರಾಕ್ಸೈಡಿಗೆ ಎಚ್ಚರಿಸುವಂಥ ವಾಸನೆಯೂ ಇಲ್ಲ. ಕಾರ್ಖಾನೆಯವರು ಕೋಣೆಯನ್ನು ಗಾಳಿಯಾಡದಂತೆ ಬಿಗಿದು, ಹೊರಗಿನಿಂದ ಯಂತ್ರ ನಡೆಸಿ, ಅಳೆಯುವ ಉಪಕರಣ ‘ಸರಿ’ ಎಂದ ಮೇಲೆಯೇ ಒಳಗೆ ಹೋಗುತ್ತಾರೆ. ಹೆಂಚಿನ ಸಂದಿ, ಬಾಗಿಲ ಸಂದಿ ಇರುವ ನಮ್ಮ ಕೋಣೆಗೆ ಈ ಅನಿಲಗಳು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಮಂಜು ಹಾರಿಸುವ ಯಂತ್ರ ಕೊಳ್ಳುವ ಹಣದಲ್ಲಿ ಗೋಡೆಗೆ ನಯವಾದ ಎಣ್ಣೆ ಬಣ್ಣ ಬಳಿದು, ಬಾಗಿಲಿಗೆ ರಬ್ಬರು ಪಟ್ಟಿ ಹಾಕಿಸುವುದು ಲೇಸು.

ಒರೆಸುವ ಪದ್ಧತಿ

ನಮಗೆ ತಕ್ಕದ್ದು ದ್ರಾವಣದಿಂದ ಒರೆಸುವ ಪದ್ಧತಿ. ಮೊದಲು ಸಾಬೂನು ನೀರು. ಮೇಜಿನ ಮೇಲೆ ಜೋಳದ ಗಂಜಿ, ಬೆಲ್ಲದ ಅಂಟು, ಧೂಳು ಉಳಿದಿದ್ದರೆ ಬ್ಲೀಚಿಂಗ್ ದ್ರಾವಣದ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿಹೋಗುತ್ತದೆ. ಆದ್ದರಿಂದ ಛಾವಣಿಯಿಂದ ಕೆಳಕ್ಕೆ, ಒಳಗಿನಿಂದ ಬಾಗಿಲ ಕಡೆಗೆ ತೊಳೆದು, ಬರೀ ನೀರಿನಿಂದ ಒರೆಸಿ ಒಣಗಿಸಬೇಕು. ಒರೆಸುವ ಬಟ್ಟೆ ಅದ್ದಲು ಒಂದು ಬಕೀಟು, ಹಿಂಡಲು ಇನ್ನೊಂದು. ಇಷ್ಟನ್ನು ಶ್ರದ್ಧೆಯಿಂದ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಎರಡನೆಯದಾಗಿ ಶೇಕಡಾ 0.5 ಕ್ಲೋರಿನ್ ದ್ರಾವಣ. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಶೇಕಡಾ 30ರ ಮೇಲ್ಪಟ್ಟು ಕ್ಲೋರಿನ್ ಇರುತ್ತದೆ. ನಮ್ಮ ಬಿಸಿಲಿಗೆ, ಬಾಯಿ ಬಿಚ್ಚಿದ ಚೀಲದಲ್ಲಿ ಅದು ಬೇಗ ಇಳಿಯುತ್ತದೆ. ಶೇಕಡಾ 25 ಎಂದು ಹಿಡಿದು ಲೀಟರ್ ನೀರಿಗೆ 20 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ಕಲಕಿ, ತಿಳಿಯಾದ ಮೇಲಿನ ನೀರನ್ನು ಮಾತ್ರ ಬಸಿದುಕೊಳ್ಳಬೇಕು. ಅಂಗಡಿಯ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ಸಿಕ್ಕರೆ ಅದರ 1 ಭಾಗಕ್ಕೆ 9 ಭಾಗ ನೀರು ಸಾಕು. ಅಂದಿನ ದ್ರಾವಣ ಅಂದೇ ಬಳಸತಕ್ಕದ್ದು. ಒರೆಸಿದ ಜಾಗ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಬೇಸಿಗೆಯಲ್ಲಿ ಎರಡೇ ನಿಮಿಷಕ್ಕೆ ಒಣಗುವುದರಿಂದ ಮತ್ತೆ ಮತ್ತೆ ಒದ್ದೆ ಮಾಡುವುದು, ಬೆಳಗಿನ ತಂಪಿನಲ್ಲಿ ಈ ಕೆಲಸ ಇಟ್ಟುಕೊಳ್ಳುವುದು ಅವಶ್ಯ. ಕೊನೆಗೆ ಶುದ್ಧ ನೀರಿನಿಂದ ಒರೆಸದಿದ್ದರೆ ಸ್ಟೀಲ್ ಮೇಜಿನಲ್ಲಿ ತೂತು ಬೀಳುತ್ತವೆ.

ತಿಂಗಳಿಗೊಮ್ಮೆ, ಮತ್ತು ಚೀಲಗಳು ಕೆಟ್ಟಾಗಲೆಲ್ಲ, ಕ್ಲೋರಿನ್ ಬದಲು ಸುಮಾರು ಶೇಕಡಾ 6ರ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಬಳಸಿರಿ. ಶೇಕಡಾ 30ರದು ಸಿಕ್ಕರೆ 1 ಭಾಗಕ್ಕೆ 4 ಭಾಗ ನೀರು. ಶೇಕಡಾ 50ರದಾದರೆ 7 ಭಾಗ ನೀರು. ಅರ್ಧ ತಾಸಾದರೂ ಒದ್ದೆ ಇಡಬೇಕು. ಗಟ್ಟಿ ಪೆರಾಕ್ಸೈಡ್ ಕೈಗೆ ತಾಗಿದರೆ ಚರ್ಮ ಬೆಳ್ಳಗಾಗಿ ಉರಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ರಬ್ಬರು ಕೈಗವಸು, ಕಣ್ಣಿನ ಕನ್ನಡಕ ಇಲ್ಲದೆ ಸೀಸೆ ಮುಟ್ಟಬಾರದು. ಇದರ ಕ್ಯಾನಿನ ಮುಚ್ಚಳದಲ್ಲಿ ಗಾಳಿ ಬಿಡುವ ರಂಧ್ರವಿರುತ್ತದೆ. ಅದನ್ನು ಮುಚ್ಚಿದರೆ, ಇಲ್ಲವೆ ಕಬ್ಬಿಣ-ತಾಮ್ರದ ಪಾತ್ರೆಗೆ ಸುರಿದರೆ ಒಳಗೆ ಆಮ್ಲಜನಕ ಒತ್ತಡವಾಗಿ ಒಡೆಯುವ ಸಂಭವವುಂಟು.

ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಮೇಜು, ಕೈ, ಚೀಲದ ಬಾಯಿಗೆ ಮಾತ್ರ. 700 ಮಿ.ಲೀ. ಆಲ್ಕೋಹಾಲಿಗೆ ಕುದಿಸಿ ಆರಿಸಿದ ನೀರು ಸೇರಿಸಿ 1 ಲೀಟರ್ ಮಾಡಿ. ಗಟ್ಟಿಯಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು; ಜೀವಾಣುವಿನ ಒಳಗಿನ ಪ್ರೋಟೀನು ಕೆಡಲು ನೀರೂ ಬೇಕು. ಇದು ಬೀಜಾಣುಗಳನ್ನು ಕೊಲ್ಲದು. ಇದರ ಆವಿ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿಗೆ ಹತ್ತಿಕೊಳ್ಳುತ್ತದೆ. ನಮ್ಮಲ್ಲಿ ಚಳಿಗಾಲದ ಕೆಲವು ರಾತ್ರಿಗಳನ್ನು ಬಿಟ್ಟರೆ ಕೋಣೆ ಅದಕ್ಕಿಂತ ತಣ್ಣಗಿರುವುದೇ ಇಲ್ಲ. ಮೇಜು ಒರೆಸಿ, ಕೈ ಒದ್ದೆಯಿರುವಾಗಲೇ ಸ್ಪಿರಿಟ್ ದೀಪ ಹಚ್ಚುವುದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಿಲ್ಲ. ಪೂರ್ತಿ ಒಣಗಿದ ಮೇಲೆ, ಆಲ್ಕೋಹಾಲ್ ಡಬ್ಬವನ್ನು ಹೊರಗಿಟ್ಟು, ದೀಪ ಹಚ್ಚಿರಿ.

ಪೆರಾಸಿಟಿಕ್ ಆಮ್ಲವೂ ಬೀಜಾಣುಗಳಿಗೆ ಪ್ರಬಲವಾದದ್ದೇ. ಆದರೆ ನಮ್ಮ ಮನೆಗಳ ನೆಲ ಶಹಾಬಾದ್ ಫರ್ಸಿಯದು. ಅದು ಸುಣ್ಣದ ಕಲ್ಲು. ಆಮ್ಲ ಬಿದ್ದಲ್ಲಿ ನೊರೆ ಬಂದು ಮೈ ಒರಟಾಗುತ್ತದೆ, ಒರಟಾದಲ್ಲಿ ಧೂಳು ಕೂಡುತ್ತದೆ. ಫರ್ಸಿ ನೆಲವುಳ್ಳವರು ಇದರ ಗೊಡವೆಗೆ ಹೋಗಬೇಡಿ. ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸಿಕೊಳ್ಳಿ.

ಬೆರೆಸಬಾರದವು

ಅನೇಕ ಅವಘಡಗಳು ಆಗುವುದು ಒಂದು ರಾಸಾಯನಿಕದಿಂದಲ್ಲ, ಎರಡನ್ನು ಕೂಡಿಸಿದ್ದರಿಂದ. ಬ್ಲೀಚಿಂಗ್ ದ್ರಾವಣಕ್ಕೆ ಪಾಯಿಖಾನೆ ತೊಳೆಯುವ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಅಮೋನಿಯ ಬೆರೆತರೂ ವಿಷಾನಿಲವೇ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬರೀ ನೀರಿನಿಂದ ಒರೆಸಲೇಬೇಕು.

ಇನ್ನೊಂದನ್ನು ವಿಶೇಷವಾಗಿ ಹೇಳುತ್ತೇನೆ. “ಫಾರ್ಮಾಲಿನ್ ಬದಲು ಪೆರಾಕ್ಸೈಡ್” ಎಂದು ಕೇಳಿದ ಯಾರಾದರೂ ಹಳೆಯ ರೂಢಿಯಂತೆ ಪರ್ಮಾಂಗನೇಟ್ ಬಟ್ಟಲಿಗೆ ಪೆರಾಕ್ಸೈಡನ್ನು ಸುರಿಯುವ ಭಯ ನನಗಿದೆ. ಹಾಗೆ ಎಂದೂ ಮಾಡಕೂಡದು. ಸುರಿದ ಕ್ಷಣವೇ ಕುದಿದು, ಕಾದ ದ್ರಾವಣ ಮುಖಕ್ಕೆ ಎರಚುತ್ತದೆ. ಪೆರಾಕ್ಸೈಡ್ ಪದ್ಧತಿಯಲ್ಲಿ ಬಟ್ಟಲೂ ಇಲ್ಲ, ಹೊಗೆಯೂ ಇಲ್ಲ. ಒರೆಸುವ ಬಟ್ಟೆ ಮಾತ್ರ. ಮನೆಯಲ್ಲಿ ಉಳಿದ ಪರ್ಮಾಂಗನೇಟನ್ನು ಆ ಕೋಣೆಯಿಂದ ಮೊದಲು ಹೊರಗೆ ತೆಗೆಯಿರಿ. ಕಣ್ಣಿಗೆ, ಮೈಗೆ ಏನೇ ಸಿಡಿದರೂ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಶುದ್ಧವಾಯಿತೆಂದು ತಿಳಿಯುವುದು ಹೇಗೆ?

ಕಾರ್ಖಾನೆಯವರು ಗೊತ್ತಾದ ಸಂಖ್ಯೆಯ ಗಟ್ಟಿ ಬೀಜಾಣುಗಳ ಪಟ್ಟಿಯನ್ನು ಕೋಣೆಯಲ್ಲಿಟ್ಟು, ಹತ್ತು ಲಕ್ಷವೂ ಸತ್ತವೇ ಎಂದು ಪರೀಕ್ಷಿಸುತ್ತಾರೆ. ನಮಗೆ ಇಷ್ಟು ಸಾಕು: 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರಿಗೆ 20 ಗ್ರಾಂ ಗ್ಲೂಕೋಸ್, 20 ಗ್ರಾಂ ಅಗರ್ ಹಾಕಿ 1 ಲೀಟರ್ ಮಾಡಿ, ಒತ್ತಡದ ಪಾತ್ರೆಯಲ್ಲಿ 20 ನಿಮಿಷ ಬೇಯಿಸಿ ಗಾಜಿನ ತಟ್ಟೆಗಳಿಗೆ ಹೊಯ್ಯಿರಿ. ಶುದ್ಧಿಗೆ ಮೊದಲು ನಾಲ್ಕು, ನಂತರ ನಾಲ್ಕು ತಟ್ಟೆಗಳನ್ನು ಕೋಣೆಯ ಮೂಲೆಗಳಲ್ಲಿ ಅರ್ಧ ತಾಸು ತೆರೆದಿಟ್ಟು ಮುಚ್ಚಿರಿ. ಒಂದು ತಟ್ಟೆಯನ್ನು ತೆರೆಯದೆಯೇ ಇಡಿ. ಅದರಲ್ಲಿ ಬೂಷ್ಟು ಬಂದರೆ ದೋಷ ತಟ್ಟೆಯದೇ. ಮೂರು-ನಾಲ್ಕು ದಿನಗಳಲ್ಲಿ ಎದ್ದ ಚುಕ್ಕೆಗಳನ್ನು ಎಣಿಸಿ, ದಿನಾಂಕದೊಡನೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ತಿಂಗಳಲ್ಲಿ ಯಾವ ಮೂಲೆಯಲ್ಲಿ ಹೊಲಸು ಎಂಬುದು ತಾನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಬಾಗಿಲ ಹತ್ತಿರದ್ದು, ಇಲ್ಲವೆ ಎಂದೂ ಒರೆಸದ ಫ್ಯಾನಿನ ರೆಕ್ಕೆಯ ಕೆಳಗಿನದು.

ತಟ್ಟೆಯಲ್ಲಿ ಹಸಿರು ಚುಕ್ಕೆಗಳೇ ತುಂಬಿದ್ದರೆ ಅದು ನಿಮ್ಮದೇ ಟ್ರೈಕೋಡರ್ಮಾ ಆಗಿರಬಹುದು. ತೊಗರಿಗೆ ಮಿತ್ರನಾದ ಇದೇ ಶಿಲೀಂಧ್ರ ಅಣಬೆಗೆ ಪರಮ ವೈರಿ. ಆದ್ದರಿಂದ ಒಂದೇ ಕೋಣೆಯಲ್ಲಿ, ಸಾಧ್ಯವಾದರೆ ಒಂದೇ ಮನೆಯಲ್ಲಿಯೂ, ಅಣಬೆ ಬೀಜ ಮತ್ತು ಟ್ರೈಕೋಡರ್ಮಾ ಎರಡನ್ನೂ ತಯಾರಿಸಬೇಡಿ. ಎಷ್ಟು ಕ್ಲೋರಿನ್ ಸುರಿದರೂ ಈ ಜಗಳ ಬಿಡಿಸಲಾಗದು.

ಈಗಾಗಲೇ ಫಾರ್ಮಾಲಿನ್ ಕೊಂಡಿಟ್ಟವರು ಅದನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಬಾರದು. ಮೀನೂ ಸಾಯುತ್ತವೆ, ದನಕರುಗಳಿಗೂ ಕೇಡು. ಮುಚ್ಚಳ ಬಿಗಿಮಾಡಿ, ‘ವಿಷ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಟ್ಟು, ಕೊಂಡ ಅಂಗಡಿಯವರು ಹಿಂದಕ್ಕೆ ಪಡೆಯುವರೇ ಎಂದು ಕೇಳಿ ನೋಡಿ. ಅವರು ಒಪ್ಪದಿದ್ದರೆ ಸೀಸೆಯನ್ನು ಇದ್ದಲ್ಲೇ ಬಿಟ್ಟು, ಅದರ ಅಳತೆಯನ್ನು ಬರೆದುಕೊಂಡು ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿ ಕೃಷಿ ಮಹಾವಿದ್ಯಾಲಯಕ್ಕೋ ಬಂದು ವಿಚಾರಿಸಿರಿ. ಬಸ್ಸಿನಲ್ಲಿ ಸೀಸೆ ಹೊತ್ತು ತರಬೇಡಿ.